ಶಾಸನಸಭೆಯಲ್ಲಿ ಒಬ್ಬ ಉಪಾಧ್ಯಾಯಿನಿ

ಶಾಸನಸಭೆಗೆ ಹೋಗುವವರಲ್ಲಿ ಎರಡು ಬಗೆಯವರುಂಟು. ಸ್ಥಾನವು ದೊರೆತುದರಲ್ಲಿಯೇ ತೃಪ್ತರಾಗಿ, ಅದನ್ನು ಉಳಿಸಿಕೊಳ್ಳುವ ಉಪಾಯದಲ್ಲಿಯೇ ದಿನಗಳನ್ನು ಕಳೆಯುವವರು ಒಂದು ಬಗೆ. ಸ್ಥಾನವೆಂಬುದು ಕೆಲವು ಕಾಲ ತಮ್ಮ ವಶದಲ್ಲಿರುವ ಒಂದು ಸಾಧನ ಮಾತ್ರವೆಂದು ತಿಳಿದು, ಅದು ಕೈಬಿಟ್ಟುಹೋಗುವುದರೊಳಗೆ ಒಂದು ಕೆಲಸವನ್ನು ಮಾಡಿ ಮುಗಿಸಬೇಕೆಂದು ತವಕಪಡುವವರು ಇನ್ನೊಂದು ಬಗೆ. ಎರಡನೆಯ ಬಗೆಯವರು ಯಾವ ದೇಶದಲ್ಲಿಯೂ ವಿರಳ. ಅವರು ಗಟ್ಟಿಯಾಗಿ ಮಾತನಾಡುವವರೂ ಅಲ್ಲವಾದುದರಿಂದ ಅವರ ಚರಿತ್ರೆಯನ್ನು ಕೇಳಿದವರೂ ವಿರಳ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಶಾಸನಸಭೆಯಲ್ಲಿ ಹದಿನಾಲ್ಕು ವರ್ಷಗಳ ಕಾಲ ಕುಳಿತು, ಇಂಧನ, ಗಾಳಿ, ನೀರು ಈ ಮೂರರ ವಿಷಯದಲ್ಲಿಯೂ ಶಾಸನಗಳನ್ನು ಬಿಟ್ಟುಹೋದ ಫ್ರಾನ್ ಪ್ಯಾವ್ಲಿ ಎಂಬವರು ಅಂತಹ ವಿರಳರಲ್ಲಿ ಒಬ್ಬರು.

ಪ್ಯಾವ್ಲಿಯವರು 1948ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಹುಟ್ಟಿದರು. ಅವರ ವೃತ್ತಿಯು ಅಧ್ಯಾಪನ. ಇಪ್ಪತ್ತೈದು ವರ್ಷಗಳಿಗೂ ಮೀರಿ ಅವರು ಮಾಧ್ಯಮಿಕ ತರಗತಿಯ ಮಕ್ಕಳಿಗೆ ಪಾಠ ಹೇಳಿದರು. ಈ ನಡುವೆ ಪರಿಸರ ಯೋಜನೆಯೆಂಬ ವಿಷಯದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಲಾಸ್ ಏಂಜಲಿಸಿನ ಪಶ್ಚಿಮಕ್ಕೆ, ಗುಡ್ಡಗಳ ಮಡಿಲಿನಲ್ಲಿ, ಅಗೋರಾ ಹಿಲ್ಸ್ ಎಂಬ ಸಣ್ಣ ಊರುಂಟು. 1982ರಲ್ಲಿ ಆ ಊರು ಪ್ರತ್ಯೇಕ ಪುರಸಭೆಯಾದಾಗ ಅದರ ಮೊದಲನೆಯ ಮೇಯರಾದವರು ಈ ಉಪಾಧ್ಯಾಯಿನಿಯೇ. ಯಾವ ಗುಡ್ಡದ ಮೇಲೆ ಮನೆ ಕಟ್ಟಬಹುದು, ಯಾವುದನ್ನು ಹಾಗೆಯೇ ಬಿಡಬೇಕು, ಮಳೆಯ ನೀರು ಎತ್ತ ಹೋಗಬೇಕು ಎಂಬಂತಹ ಪ್ರಶ್ನೆಗಳೇ ಇಂತಹ ಪುರಸಭೆಯ ಮುಂದೆ ದಿನವೂ ಬರುವಂಥವು. ಮುಂದೆ 1995ರಿಂದ 2000ದವರೆಗೆ ಅವರು ಸಂಸ್ಥಾನದ ಕರಾವಳಿ ಆಯೋಗದ ಸದಸ್ಯೆಯಾಗಿದ್ದರು. 2000ದ ನವೆಂಬರಿನಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಕೆಳಮನೆಗೆ ಚುನಾಯಿತರಾದರು.

ಅಧ್ಯಾಪನವು ಮನುಷ್ಯನಿಗೆ ಕಲಿಸುವ ಗುಣಗಳಲ್ಲಿ ಮುಖ್ಯವಾದುದು ತಾಳ್ಮೆ. ಅದಕ್ಕಿಂತಲೂ ಮುಖ್ಯವಾದುದು ವರ್ಷದ ಕೊನೆಯ ಅರಿವು. ಉಪಾಧ್ಯಾಯನ ಕೈಗೆ ಒಂದು ತರಗತಿಯು ಒಂದೇ ವರ್ಷ ಬರುವುದು. ಬೇಸಗೆ ಬಂದಿತೆಂದರೆ ಆ ಮಕ್ಕಳು ಬೇರೊಬ್ಬರ ಬಳಿಗೆ ಹೋಗುವರು. ಅಷ್ಟರೊಳಗೆ ಹೇಳಿಕೊಟ್ಟುದೇ ಲಾಭ, ಬಿಟ್ಟುದೇ ನಷ್ಟ. ಕ್ಯಾಲಿಫೋರ್ನಿಯಾದ ಶಾಸನಸಭೆಗೂ ಆಗ ಇಂತಹದೇ ಒಂದು ಕಟ್ಟು ಇದ್ದಿತು. 1990ರಲ್ಲಿ ಅಲ್ಲಿಯ ಪ್ರಜೆಗಳು ಮತಹಾಕಿ ಮಾಡಿದ ನಿಯಮದಂತೆ ಯಾರೇ ಆಗಲಿ ಕೆಳಮನೆಯಲ್ಲಿ ಎರಡೆರಡು ವರ್ಷಗಳ ಮೂರು ಅವಧಿ, ಮೇಲ್ಮನೆಯಾದ ಸೆನೆಟಿನಲ್ಲಿ ನಾಲ್ಕು ನಾಲ್ಕು ವರ್ಷಗಳ ಎರಡು ಅವಧಿ ಮಾತ್ರ ಇರಬಹುದಾಗಿದ್ದಿತು. ಜನಪ್ರಿಯತೆಯು ಎಷ್ಟೇ ಇರಲಿ, ಆರು ವರ್ಷವಾಯಿತೆಂದರೆ ಕೆಳಮನೆಯ ಬಾಗಿಲು ಮುಚ್ಚುವುದು. ಎಷ್ಟೋ ಮಂದಿಗೆ ಈ ನಿಯಮವು ಒಂದು ಶಿಕ್ಷೆಯಾಗಿ ತೋರಿತು. ವರ್ಷಕ್ಕೊಂದು ತರಗತಿಯನ್ನು ಕಳುಹಿಸಿಕೊಟ್ಟು ಅಭ್ಯಾಸವಾಗಿದ್ದವರಿಗೆ ಅದು ಹೊಸದಾಗಿ ತೋರಿರಲಾರದು.

ಅವರು ಎತ್ತಿಕೊಂಡ ಮೊದಲನೆಯ ದೊಡ್ಡ ಕೆಲಸವನ್ನು ತಿಳಿಯಬೇಕಾದರೆ ಆ ಸಂಸ್ಥಾನದ ಗಾಳಿಯ ಕಥೆಯನ್ನು ಸ್ವಲ್ಪ ತಿಳಿಯಬೇಕು. ಲಾಸ್ ಏಂಜಲಿಸ್ ಒಂದು ಕಡೆ ಕಡಲು, ಮಿಕ್ಕ ಕಡೆಗಳಲ್ಲಿ ಬೆಟ್ಟಗಳಿರುವ ಬಟ್ಟಲಿನಂತಹ ಪ್ರದೇಶ. ಎರಡನೆಯ ಮಹಾಯುದ್ಧದ ಕಾಲದಿಂದ ಅಲ್ಲಿ ಕಣ್ಣು ಉರಿಯಿಸುವ ಕಂದುಬಣ್ಣದ ಮಬ್ಬು ಕವಿಯತೊಡಗಿತು. ಆ ಮಬ್ಬಿಗೆ ಮೂಲವು ಮೋಟಾರು ಗಾಡಿಗಳ ಹೊಗೆಯೂ ತೈಲ ಶುದ್ಧಿಯ ಕಾರ್ಖಾನೆಗಳ ಆವಿಯೂ ಬಿಸಿಲಿನಲ್ಲಿ ಬೆರೆತು ಆಗುವ ರಾಸಾಯನಿಕ ಕ್ರಿಯೆಯೆಂದು 1950ರ ಸುಮಾರಿಗೆ ತೋರಿಸಿಕೊಟ್ಟವರು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು. 1967ರಲ್ಲಿ ಸಂಸ್ಥಾನವು ವಾಯು ಸಂಪನ್ಮೂಲ ಮಂಡಲಿ ಎಂಬುದನ್ನು ಸ್ಥಾಪಿಸಿತು. ಅದೇ ವರ್ಷ ಕೇಂದ್ರ ಶಾಸನದಲ್ಲಿ ಒಂದು ವಿಶೇಷ ಸೌಲಭ್ಯವೂ ಆ ಸಂಸ್ಥಾನಕ್ಕೆ ದೊರೆಯಿತು. ಗಾಡಿಗಳ ಹೊಗೆಯ ಬಗ್ಗೆ ಮಿಕ್ಕ ಸಂಸ್ಥಾನಗಳು ಸ್ವಂತವಾಗಿ ನಿಯಮ ಮಾಡಕೂಡದು; ಕ್ಯಾಲಿಫೋರ್ನಿಯಾ ಮಾತ್ರ, ಮುಂಚಿನಿಂದಲೇ ಈ ಕೆಲಸದಲ್ಲಿ ತೊಡಗಿದ್ದುದರಿಂದ, ಕೇಂದ್ರದ ಅನುಮತಿ ಪಡೆದು ಹೆಚ್ಚು ಬಿಗಿಯಾದ ನಿಯಮವನ್ನು ಮಾಡಬಹುದು. 1977ರ ತಿದ್ದುಪಡಿಯ ಮೇಲೆ ಮಿಕ್ಕ ಸಂಸ್ಥಾನಗಳು ಬೇಕಾದರೆ ಕ್ಯಾಲಿಫೋರ್ನಿಯಾದ ನಿಯಮವನ್ನು ಯಥಾವತ್ತಾಗಿ ತೆಗೆದುಕೊಳ್ಳಬಹುದೆಂದಾಯಿತು. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕು ಕೊಡುವುದೆಂದು ಶಾಸ್ತ್ರಕಾರರು ದೇಹಲೀದೀಪ ನ್ಯಾಯವನ್ನು ಹೇಳುವರಲ್ಲವೆ? ಆ ಸಂಸ್ಥಾನದ ಶಾಸನಕ್ಕೆ ಅಂತಹ ಸ್ಥಾನ ಒದಗಿದ್ದಿತು.

ಆದರೆ ಅದುವರೆಗಿನ ನಿಯಮಗಳೆಲ್ಲ ಕಣ್ಣಿಗೂ ಶ್ವಾಸಕ್ಕೂ ತಾಗುವ ಹೊಗೆಯನ್ನು ಕುರಿತವು. ಭೂಮಿಯ ಶಾಖವನ್ನು ಹಿಡಿದಿಡುವ ಇಂಗಾಲಾಮ್ಲವೇ ಮೊದಲಾದ ಅನಿಲಗಳನ್ನು ಗಾಡಿಯಿಂದ ಇಷ್ಟೇ ಬಿಡಬೇಕೆಂದು ಹೇಳುವ ಶಾಸನವು ಅಮೆರಿಕದ ಯಾವ ಸಂಸ್ಥಾನದಲ್ಲಿಯೂ ಇರಲಿಲ್ಲ. ಬ್ಲೂವಾಟರ್ ನೆಟ್‌ವರ್ಕ್ ಎಂಬ ಸಣ್ಣ ಸಂಸ್ಥೆಯೊಂದು ಮುಂದಿಟ್ಟ ಈ ಸಲಹೆಯನ್ನು, ಸಭೆಗೆ ಆಗತಾನೇ ಬಂದಿದ್ದ ಪ್ಯಾವ್ಲಿಯವರು ಮಸೂದೆಯಾಗಿ ತಂದರು. ಕ್ಯಾಲಿಫೋರ್ನಿಯಾದಲ್ಲಿ ಅತಿ ಹೆಚ್ಚಾಗಿ ಈ ಅನಿಲಗಳನ್ನು ಬಿಡುತ್ತಿದ್ದುದು ಕಲ್ಲಿದ್ದಲಿನ ಒಲೆಯಲ್ಲ, ಮೋಟಾರು ಗಾಡಿ. ರೋಗವಿರುವ ಕಡೆಯಲ್ಲಿಯೇ ಔಷಧವನ್ನು ಹಚ್ಚಬೇಕೆಂಬುದು ಅವರ ತರ್ಕ.

ವಿರೋಧವು ಪ್ರಬಲವಾಗಿ ಎದ್ದಿತು. ಗಾಡಿ ತಯಾರಿಸುವವರೂ ಮಾರುವವರೂ ತೈಲದವರೂ ಒಟ್ಟಾಗಿ ಪ್ರಚಾರ ನಡೆಸಿದರು. ಈ ಕಾನೂನು ಬಂದರೆ ದೊಡ್ಡ ಗಾಡಿಗಳನ್ನು ಕಿತ್ತುಕೊಳ್ಳುವರು, ಪೆಟ್ರೋಲಿಗೆ ಹೊಸ ತೆರಿಗೆ ಹಾಕುವರು, ಇಷ್ಟೇ ಮೈಲಿ ಓಡಿಸಬೇಕೆನ್ನುವರು ಎಂದು ಜನರನ್ನು ಹೆದರಿಸಿದರು. ಇದಕ್ಕೆ ಮಸೂದೆಯವರು ಕೊಟ್ಟ ಉತ್ತರವೇ ಈ ಚರಿತ್ರೆಯಲ್ಲಿ ಅತ್ಯಂತ ಕುತೂಹಲಕರವಾದ ಭಾಗ. ಅವರು ಮಸೂದೆಯೊಳಗೇ ನಿಷೇಧಗಳನ್ನು ಬರೆದರು. ಜನರಿಗೆ ನಿಷೇಧಗಳನ್ನಲ್ಲ, ನಿಯಮ ಮಾಡುವ ಮಂಡಲಿಗೆ. ಗಾಡಿಯ ಮೇಲಾಗಲಿ ಇಂಧನದ ಮೇಲಾಗಲಿ ಓಡಿದ ಮೈಲಿಯ ಮೇಲಾಗಲಿ ಮಂಡಲಿಯು ಹೊಸ ತೆರಿಗೆ ಹಾಕಕೂಡದು. ಯಾವ ಜಾತಿಯ ಗಾಡಿಯ ಮಾರಾಟವನ್ನೂ ತಡೆಯಕೂಡದು. ಗಾಡಿಯ ತೂಕವನ್ನು ಇಳಿಸಿರೆಂದು ಹೇಳಕೂಡದು. ವೇಗದ ಮಿತಿಯನ್ನು ತಗ್ಗಿಸಕೂಡದು. ಓಡಾಟಕ್ಕೆ ಅಳತೆ ಇಡಕೂಡದು. ಇಷ್ಟೆಲ್ಲ ಕೂಡದೆಂದ ಮೇಲೆ ಉಳಿದುದು ಒಂದೇ ವಿಧಿ: ಸಾಧ್ಯವಾದ ಗರಿಷ್ಠ ಪ್ರಮಾಣದಲ್ಲಿ, ಖರ್ಚಿಗೆ ತಕ್ಕ ಪ್ರಯೋಜನವಾಗುವಂತೆ, ಗಾಡಿಗಳು ಬಿಡುವ ಅನಿಲವನ್ನು ಇಳಿಸತಕ್ಕದ್ದು, ಹೇಗೆಂಬುದನ್ನು ತಯಾರಕರ ಜಾಣ್ಮೆಗೇ ಬಿಡತಕ್ಕದ್ದು.

ಮೀಮಾಂಸೆಯನ್ನು ಓದಿದವರಿಗೆ ವಿಧಿನಿಷೇಧಗಳ ಸಂಬಂಧವು ಹೊಸದಲ್ಲ. ವಿಧಿಯು ಮಾಡು ಎನ್ನುವುದು, ನಿಷೇಧವು ಮಾಡಬೇಡ ಎನ್ನುವುದು. ಎರಡಕ್ಕೂ ಶಾಸ್ತ್ರದಲ್ಲಿ ಅದರದರ ಸ್ಥಾನವುಂಟು. ಇಲ್ಲಿ ಮಾತ್ರ ಒಂದು ವಿಧಿಯನ್ನು ಕಾಪಾಡುವುದಕ್ಕಾಗಿಯೇ ನಿಷೇಧಗಳನ್ನು ಸುತ್ತಲೂ ಬೇಲಿಯಂತೆ ನೆಟ್ಟರು. ಪ್ರಜೆಗಳ ಭಯವನ್ನು ಮೂರ್ಖತನವೆಂದು ತಳ್ಳಿಹಾಕದೆ, ಅದಕ್ಕೆ ಅಕ್ಷರರೂಪದಲ್ಲಿಯೇ ಅಭಯವನ್ನು ಕೊಟ್ಟರು. ಆದರೂ ಗೆಲುವು ಕೂದಲೆಳೆಯದು. ಎಂಬತ್ತು ಮಂದಿಯ ಕೆಳಮನೆಯಲ್ಲಿ ಮಸೂದೆಗೆ 41 ಮತಗಳು ಬೇಕು. 2002ರ ಜುಲೈ ತಿಂಗಳ ಆರಂಭದಲ್ಲಿ 41 ಮತಗಳೇ ಬಿದ್ದವು. ಅದೇ ತಿಂಗಳಲ್ಲಿ ಗವರ್ನರ್ ಗ್ರೇ ಡೇವಿಸ್ ಅವರು ಅದಕ್ಕೆ ಅಂಕಿತ ಹಾಕಿದರು. ಕಾಗದಪತ್ರಗಳಲ್ಲಿ ಅದಕ್ಕೆ ಒಂದು ಸಂಖ್ಯೆಯಿದ್ದರೂ ಜನರ ಬಾಯಲ್ಲಿ ಅದು ಪ್ಯಾವ್ಲಿ ಕಾನೂನೆಂದೇ ಆಯಿತು.

ಮಂಡಲಿಯು 2004ರಲ್ಲಿ ನಿಯಮಗಳನ್ನು ಬರೆಯಿತು. 2009ರ ಮಾದರಿಯ ಗಾಡಿಗಳಿಂದ ಆರಂಭಿಸಿ 2016ರ ಹೊತ್ತಿಗೆ ಹೊಸ ಗಾಡಿಗಳ ಅನಿಲವನ್ನು ಸುಮಾರು ಶೇಕಡ 30ರಷ್ಟು ಇಳಿಸುವುದು ಅದರ ಗುರಿ. ಕೂಡಲೇ ವ್ಯಾಜ್ಯಗಳು ಹೂಡಲ್ಪಟ್ಟವು. ಶಾಸ್ತ್ರಗಳಲ್ಲಿ ಸ್ಥೂಣಾನಿಖನನ ನ್ಯಾಯವೆಂಬುದೊಂದಿದೆ. ಕಂಬವನ್ನು ನೆಡುವವನು ಅದನ್ನು ಮತ್ತೆ ಮತ್ತೆ ಅಲುಗಾಡಿಸಿ ನೋಡುವನು. ಅಲುಗಾಡಿಸಿದಷ್ಟೂ ಅದು ಆಳಕ್ಕೆ ಇಳಿದು ಗಟ್ಟಿಯಾಗುವುದು. ಪೂರ್ವಪಕ್ಷದ ಆಕ್ಷೇಪಗಳಿಂದ ಸಿದ್ಧಾಂತವು ದೃಢವಾಗುವುದಕ್ಕೆ ಇದು ದೃಷ್ಟಾಂತ. ಪ್ಯಾವ್ಲಿಯವರ ಕಾನೂನಿಗೂ ಹೀಗೆಯೇ ಆಯಿತು. 2007ರ ಏಪ್ರಿಲಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನವು ಮುಂದಾಗಿ ಹೂಡಿದ್ದ ಬೇರೊಂದು ವ್ಯಾಜ್ಯದಲ್ಲಿ, ಈ ಅನಿಲಗಳೂ ಶಾಸನದ ಅರ್ಥದಲ್ಲಿ ವಾಯುಮಾಲಿನ್ಯವೇ ಎಂದು ದೇಶದ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಅದೇ ವರ್ಷ ವರ್ಮಾಂಟಿನಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ತಯಾರಕರು ಹೂಡಿದ್ದ ವ್ಯಾಜ್ಯಗಳು ಬಿದ್ದುಹೋದವು. ಆದರೆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಅನುಮತಿಯನ್ನು ನಿರಾಕರಿಸಿತು. ಅಧ್ಯಕ್ಷರು ಬದಲಾದ ಮೇಲೆ, 2009ರ ಜೂನ್ 30ರಂದು, ಅನುಮತಿಯು ದೊರೆಯಿತು. ಅದಕ್ಕೆ ಸ್ವಲ್ಪ ಮುಂಚೆ, ಮೇ ತಿಂಗಳಲ್ಲಿ, ಇಡೀ ದೇಶಕ್ಕೇ ಇದಕ್ಕೆ ಸಮನಾದ ನಿಯಮವನ್ನು ತರುವುದಾಗಿ ಒಬಾಮರು ಘೋಷಿಸಿದ್ದರು. ಆ ದಿನ ಅವರ ಪಕ್ಕದಲ್ಲಿ ನಿಂತವರಲ್ಲಿ, ಏಳು ವರ್ಷ ವಿರೋಧಿಸಿದ್ದ ಮೋಟಾರು ಕಂಪೆನಿಗಳ ಮುಖ್ಯಸ್ಥರೂ ಇದ್ದರು. ಒಂದು ಸಂಸ್ಥಾನದಲ್ಲಿ ನಲವತ್ತೊಂದು ಮತಗಳಿಂದ ಹುಟ್ಟಿದುದು ದೇಶದ ನಿಯಮವಾಯಿತು.

ಈ ವ್ಯಾಜ್ಯಗಳು ನಡೆಯುತ್ತಿದ್ದಾಗಲೇ ಪ್ಯಾವ್ಲಿಯವರು ಎರಡನೆಯ ಕೆಲಸಕ್ಕೆ ಕೈಹಾಕಿದರು. ಗಾಡಿಗೆ ಮಾತ್ರ ಮಿತಿಯನ್ನಿಟ್ಟು ವಿದ್ಯುತ್ತಿನ ಸ್ಥಾವರಕ್ಕೂ ಕಾರ್ಖಾನೆಗೂ ಮಿತಿಯಿಡದಿದ್ದರೆ ಅದು ಅರ್ಧ ಪಾಠ. 2006ರಲ್ಲಿ, ಕೆಳಮನೆಯಲ್ಲಿ ಅವರ ಕೊನೆಯ ವರ್ಷದಲ್ಲಿ, ಸಭಾಧ್ಯಕ್ಷ ಫೇಬಿಯನ್ ನೂನ್ಯೆಸ್ ಅವರೊಡನೆ ಸೇರಿ ತಂದ ಮಸೂದೆಯು ಸಂಸ್ಥಾನದ ಒಟ್ಟು ಅನಿಲವನ್ನು 2020ರೊಳಗೆ 1990ರ ಮಟ್ಟಕ್ಕೆ ಇಳಿಸಬೇಕೆಂದು ವಿಧಿಸಿತು. ಶಾಸನಸಭೆಯಲ್ಲಿ ಬಹುಮತವು ಡೆಮಾಕ್ರಾಟಿಕ್ ಪಕ್ಷದ್ದು. ಗವರ್ನರು ರಿಪಬ್ಲಿಕನ್ ಪಕ್ಷದ ಆರ್ನಾಲ್ಡ್ ಶ್ವಾರ್ಜನೆಗರ್. ಎರಡು ಪಕ್ಷಗಳೂ ಕೂಡಿ ನಡೆದ ಈ ಕಾರ್ಯಕ್ಕೆ ಸೆಪ್ಟೆಂಬರ್ 27ರಂದು ಅಂಕಿತ ಬಿದ್ದಿತು. ಎರಡು ತಿಂಗಳ ಮೇಲೆ ಪ್ಯಾವ್ಲಿಯವರ ಆರು ವರ್ಷಗಳು ಮುಗಿದವು.

ಈ ಶಾಸನದಲ್ಲಿಯೂ ಗುರಿಯನ್ನು ಸಭೆಯು ಹೇಳಿತು, ದಾರಿಯನ್ನು ಹುಡುಕುವ ಕೆಲಸವನ್ನು ಮಂಡಲಿಗೆ ಬಿಟ್ಟಿತು. ಮಂಡಲಿಯು ಹುಡುಕಿದ ದಾರಿಗಳಲ್ಲಿ ಒಂದು ಹೀಗಿದೆ. ಸಂಸ್ಥಾನದಲ್ಲಿ ವರ್ಷಕ್ಕೆ ಇಷ್ಟು ಟನ್ನು ಅನಿಲವೆಂದು ಒಂದು ಮೇರೆಯನ್ನು ಕಟ್ಟುವುದು. ಅಷ್ಟಕ್ಕೆ ಸರಿಯಾಗಿ ಪರವಾನಗಿಗಳನ್ನು ಮಾಡಿ ಕೆಲವನ್ನು ಹಂಚುವುದು, ಕೆಲವನ್ನು ಹರಾಜು ಹಾಕುವುದು. ಅನಿಲವನ್ನು ಕಡಿಮೆ ಬಿಟ್ಟವನು ತನ್ನಲ್ಲಿ ಮಿಕ್ಕ ಪರವಾನಗಿಯನ್ನು ಮಾರಬಹುದು, ಹೆಚ್ಚು ಬಿಟ್ಟವನು ಕೊಳ್ಳಬೇಕು. ವರ್ಷ ವರ್ಷಕ್ಕೂ ಮೇರೆಯು ಕಿರಿದಾಗುತ್ತ ಹೋಗುವುದು. 2012ರ ನವೆಂಬರಿನಲ್ಲಿ ಮೊದಲನೆಯ ಹರಾಜು ನಡೆಯಿತು.

ಅಷ್ಟರೊಳಗೆ ಕಂಬವನ್ನು ಮತ್ತೊಮ್ಮೆ ಅಲುಗಾಡಿಸುವ ಯತ್ನ ನಡೆದಿದ್ದಿತು. 2008ರ ಆರ್ಥಿಕ ಕುಸಿತದಿಂದ ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೆ ಸುಮಾರು ಹನ್ನೆರಡು ಮಂದಿ ದುಡಿಮೆಗಾರರು ಕೆಲಸವಿಲ್ಲದೆ ಕುಳಿತಿದ್ದ ಕಾಲ. ನಿರುದ್ಯೋಗವು ಶೇಕಡ 5.5ಕ್ಕೆ ಇಳಿದು ಒಂದು ವರ್ಷ ಹಾಗೆಯೇ ನಿಲ್ಲುವವರೆಗೆ ಆ ಶಾಸನವನ್ನು ತಡೆದಿಡಬೇಕೆಂದು 2010ರಲ್ಲಿ ಪ್ರಜೆಗಳ ಮತಕ್ಕೆ ಒಂದು ಪ್ರಸ್ತಾಪವು ಬಂದಿತು. ಅದಕ್ಕೆ ಹಣದ ಬಲ ಮುಖ್ಯವಾಗಿ ಟೆಕ್ಸಾಸಿನ ತೈಲ ಕಂಪೆನಿಗಳದು. ಹಸಿದವನ ಮುಂದೆ ಹವೆಯ ಮಾತೇನು ಎಂಬ ವಾದವು ಹಗುರವಾದುದಲ್ಲ. ಯಾವ ನಾಡಿನಲ್ಲಿಯೂ ಅದು ಜನರ ಮನಸ್ಸನ್ನು ಮುಟ್ಟುವಂಥದು. ಆದರೆ ಶಾಸನದಿಂದ ಹೊಸ ಕೆಲಸಗಳೂ ಹುಟ್ಟುತ್ತಿದ್ದವೆಂಬ ಪ್ರತಿವಾದವೂ ಇದ್ದಿತು. ಪಕ್ಷಭೇದವಿಲ್ಲದೆ ಹಲವರು ಅದನ್ನು ಎತ್ತಿಹಿಡಿದರು. ರೇಗನ್ನರ ಕಾಲದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಜಾರ್ಜ್ ಶುಲ್ಟ್ಜ್ ಅವರೂ ಅವರಲ್ಲೊಬ್ಬರು. ನೂರಕ್ಕೆ ಅರವತ್ತೊಂದಕ್ಕೂ ಹೆಚ್ಚು ಮತಗಳಿಂದ ಪ್ರಸ್ತಾಪವು ಬಿದ್ದುಹೋಯಿತು. ಸಭೆಯ ಕೆಲವೇ ಮಂದಿ ಬರೆದ ಶಾಸನವನ್ನು ಪ್ರಜೆಗಳೇ ತಮ್ಮದೆಂದು ಒಪ್ಪಿಕೊಂಡಂತಾಯಿತು.

2008ರಲ್ಲಿ ಪ್ಯಾವ್ಲಿಯವರು ಸೆನೆಟಿಗೆ ಬಂದಿದ್ದರು. ಅಲ್ಲಿಯ ಎಂಟು ವರ್ಷಗಳ ಕೆಲಸವೆಲ್ಲವೂ ಪ್ರಶಂಸೆಯನ್ನೇ ತರಲಿಲ್ಲ. ನೆಲದಾಳದ ಬಂಡೆಯನ್ನು ಒತ್ತಡದ ನೀರಿನಿಂದ ಬಿರಿಯಿಸಿ ತೈಲ ತೆಗೆಯುವ ಪದ್ಧತಿಗೆ 2013ರಲ್ಲಿ ಅವರು ನಿಯಮ ತಂದರು: ಪರವಾನಗಿ ಬೇಕು, ಬಳಸಿದ ರಾಸಾಯನಿಕಗಳನ್ನು ಹೊರಗೆಡಹಬೇಕು, ನೆರೆಹೊರೆಯವರಿಗೆ ಮುಂಚೆಯೇ ತಿಳಿಸಬೇಕು. ತೈಲದವರು ಇದು ಹೆಚ್ಚಾಯಿತೆಂದರು. ಆ ಪದ್ಧತಿಯನ್ನೇ ನಿಲ್ಲಿಸಬೇಕೆಂದಿದ್ದ ಪರಿಸರಪ್ರೇಮಿಗಳು ಇದು ಮೋಸವೆಂದರು. ಮಧ್ಯಮಾರ್ಗದಲ್ಲಿ ನಡೆಯುವವನಿಗೆ ಎರಡು ಬದಿಯ ಮುಳ್ಳೂ ತಾಗುವುದು ಸಹಜ. ಆದರೆ ಆಕ್ಷೇಪಿಸಿದವರ ಮಾತಿನಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ನಿಯಮಿಸುವುದೆಂದರೆ ಒಂದರ್ಥದಲ್ಲಿ ಒಪ್ಪಿದಂತೆಯೇ. ಮರುವರ್ಷ, ಭೀಕರವಾದ ಕ್ಷಾಮದ ನಡುವೆ, ಅಂತರ್ಜಲವನ್ನು ಕುರಿತ ಮೂರು ಮಸೂದೆಗಳು ಒಟ್ಟಿಗೆ ಅಂಗೀಕೃತವಾದವು. ಅವುಗಳಲ್ಲಿ ಎರಡು ಪ್ಯಾವ್ಲಿಯವರವು. ಅದುವರೆಗೆ ಕ್ಯಾಲಿಫೋರ್ನಿಯಾದ ರೈತನು ತನ್ನ ನೆಲದ ಕೆಳಗಿನ ನೀರನ್ನು ಬೇಕಾದಷ್ಟು ಎತ್ತಬಹುದಾಗಿದ್ದಿತು. ಎತ್ತಿ ಎತ್ತಿ ಕೆಲವು ಕಡೆ ನೆಲವೇ ಕುಸಿದಿದ್ದಿತು. ಇನ್ನು ಮುಂದೆ ಆಯಾ ಸೀಮೆಯವರೇ ಸೇರಿ ಸಂಘ ಮಾಡಿಕೊಂಡು, ಸುಮಾರು ಇಪ್ಪತ್ತು ವರ್ಷಗಳೊಳಗೆ ಎತ್ತುವ ನೀರನ್ನೂ ಇಂಗುವ ನೀರನ್ನೂ ಸರಿದೂಗಿಸಬೇಕೆಂದು ಅವು ವಿಧಿಸಿದವು. ಗುರಿಯನ್ನು ಸಭೆಯು ಹೇಳುವುದು, ದಾರಿಯನ್ನು ನಡೆಯುವವರಿಗೆ ಬಿಡುವುದು ಎಂಬ ಹಳೆಯ ಪದ್ಧತಿಯೇ ಇಲ್ಲಿಯೂ ಕಾಣುವುದು.

ಕೊನೆಯ ಕೆಲಸವು ಮೊದಲನೆಯದರ ಮುಂದುವರಿಕೆ. 2006ರ ಶಾಸನದ ಗುರಿಯು 2020ಕ್ಕೆ ನಿಂತಿದ್ದಿತು. ಅದನ್ನು ಮುಂದಕ್ಕೆ ಒಯ್ಯಲು ಪ್ಯಾವ್ಲಿಯವರು ತಂದ ಮಸೂದೆಯು 2015ರಲ್ಲಿ ಕೆಳಮನೆಯಲ್ಲಿ ನಿಂತುಹೋಯಿತು. ಅದನ್ನು ತಡೆದವರಲ್ಲಿ ಸ್ವಪಕ್ಷದವರೂ ಇದ್ದರು. ತೈಲ ಕಾರ್ಖಾನೆಗಳ ನೆರಳಿನಲ್ಲಿ ವಾಸಿಸುವ ಬಡವರ ಪ್ರತಿನಿಧಿಗಳಿಗೆ ಒಂದು ಹಳೆಯ ದೂರಿತ್ತು. ಪರವಾನಗಿಯನ್ನು ಕೊಳ್ಳುವ ಶಕ್ತಿಯಿರುವ ಕಾರ್ಖಾನೆಯು ಕೊಂಡು ಹಾಗೆಯೇ ಹೊಗೆ ಬಿಡುವುದು. ಸಂಸ್ಥಾನದ ಲೆಕ್ಕದಲ್ಲಿ ಅನಿಲ ಇಳಿಯುವುದು, ತಮ್ಮ ಕೇರಿಯ ಮಕ್ಕಳ ಉಬ್ಬಸ ಮಾತ್ರ ಇಳಿಯದು ಎಂಬುದೇ ಆ ದೂರು. ಮರುವರ್ಷ ಮಸೂದೆಯು ಮತ್ತೆ ಬಂದಾಗ ಅದರ ಜೊತೆಗೆ ಎಡುವಾರ್ಡೊ ಗಾರ್ಸಿಯಾ ಎಂಬ ಸದಸ್ಯರ ಇನ್ನೊಂದು ಮಸೂದೆಯನ್ನು ಕಟ್ಟಿದರು. ಮಂಡಲಿಯ ಮೇಲೆ ಶಾಸನಸಭೆಯ ಕಣ್ಣಿರಬೇಕು, ಕಾರ್ಖಾನೆಗಳಲ್ಲಿಯೇ ನೇರವಾಗಿ ಹೊಗೆ ಇಳಿಸುವ ಉಪಾಯಗಳಿಗೆ ಮನ್ನಣೆ ಕೊಡಬೇಕು ಎಂಬುದು ಅದರ ಸಾರ. ಒಂದು ಮಸೂದೆಯು ಅಂಗೀಕೃತವಾಗದಿದ್ದರೆ ಇನ್ನೊಂದೂ ಜಾರಿಗೆ ಬಾರದೆಂದು ಎರಡರಲ್ಲಿಯೂ ಬರೆದರು. ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿದಂತಾಯಿತು. 2030ರೊಳಗೆ 1990ರ ಮಟ್ಟಕ್ಕಿಂತ ಶೇಕಡ 40ರಷ್ಟು ಇಳಿಸಬೇಕೆಂಬ ಈ ಶಾಸನಕ್ಕೆ 2016ರ ಸೆಪ್ಟೆಂಬರ್ 8ರಂದು ಗವರ್ನರ್ ಜೆರ್ರಿ ಬ್ರೌನ್ ಅವರ ಅಂಕಿತವಾಯಿತು. ಅದೇ ವರ್ಷದ ಕೊನೆಯಲ್ಲಿ ಪ್ಯಾವ್ಲಿಯವರ ಎಂಟು ವರ್ಷಗಳೂ ಮುಗಿದವು.

ಫಲವೇನೆಂದು ಕೇಳುವುದು ನ್ಯಾಯ. ಲೆಕ್ಕ ಹಾಕಿದಾಗ, ಅವರು ಸಭೆಯನ್ನು ಬಿಟ್ಟ 2016ನೆಯ ವರ್ಷದಲ್ಲಿಯೇ ಸಂಸ್ಥಾನದ ಅನಿಲವು 1990ರ ಮಟ್ಟವಾದ 431 ದಶಲಕ್ಷ ಟನ್ನಿಗಿಂತ ಸ್ವಲ್ಪ ಕೆಳಗಿಳಿದಿದ್ದಿತೆಂದು 2018ರಲ್ಲಿ ಮಂಡಲಿಯು ಪ್ರಕಟಿಸಿತು. ಅವಧಿಗೆ ನಾಲ್ಕು ವರ್ಷ ಮುಂಚೆಯೇ ಗುರಿಯು ಸಾಧಿತವಾಯಿತು. ಆದರೆ ಅದರ ಬಹುಪಾಲು ಬಂದುದು ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ತೆಗೆದುದರಿಂದ. ರಸ್ತೆಯ ಮೇಲಿನ ಅನಿಲವು ಆ ವರ್ಷಗಳಲ್ಲಿ ಇಳಿಯುವುದರ ಬದಲು ಏರಿದ್ದಿತು. ಗಾಡಿಯು ಮಿತವಾಗಿ ಉಂಡರೂ ಗಾಡಿಗಳೂ ಮೈಲಿಗಳೂ ಹೆಚ್ಚಿದರೆ ಆಗುವುದು ಹೀಗೆಯೇ. ಓಡಾಟಕ್ಕೆ ಅಳತೆ ಇಡಕೂಡದೆಂದು 2002ರಲ್ಲಿ ಕೊಟ್ಟ ಅಭಯದ ಬೆಲೆಯು ಇದು ಎಂದು ಯಾರಾದರೂ ಹೇಳಿದರೆ ಅದನ್ನು ಪೂರ್ತಿಯಾಗಿ ಅಲ್ಲಗಳೆಯುವುದು ಕಷ್ಟ. ಆ ಅಭಯವಿಲ್ಲದಿದ್ದರೆ ನಲವತ್ತೊಂದನೆಯ ಮತವು ಬೀಳುತ್ತಿರಲಿಲ್ಲವೆಂಬುದೂ ಅಷ್ಟೇ ಸಂಭವ.

ಕಂಬವನ್ನು ಅಲುಗಾಡಿಸುವುದು ನಿಂತಿಲ್ಲ. ಸಂಸ್ಥಾನಕ್ಕೆ ಗಾಡಿಗಳ ವಿಷಯದಲ್ಲಿದ್ದ ಅನುಮತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹಿಂತೆಗೆದುಕೊಂಡಿತು. 2022ರಲ್ಲಿ ಮತ್ತೆ ಕೊಟ್ಟಿತು. ಆಮೇಲಿನ ಹೊಸ ನಿಯಮಗಳ ಅನುಮತಿಯನ್ನು 2025ರ ಜೂನಿನಲ್ಲಿ ಕಾಂಗ್ರೆಸ್ಸಿನ ನಿರ್ಣಯಗಳ ಮೂಲಕ ರದ್ದುಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥಾನದ ಶಾಸನಸಭೆಯು, ಪ್ಯಾವ್ಲಿಯವರು ಇಲ್ಲದ ಸಭೆ, ಪರವಾನಗಿಯ ಪದ್ಧತಿಯನ್ನು 2045ರವರೆಗೆ ಮುಂದುವರಿಸಿತು.

ಶಾಸನವನ್ನು ಕಲ್ಲಿನ ಮೇಲೆ ಕೆತ್ತಿಸಿದ ಅರಸರು ಅದನ್ನು ಚಂದ್ರಾರ್ಕವಿರುವವರೆಗೆ ಎಂದು ಬರೆಸುತ್ತಿದ್ದರು. ಪ್ರಜಾಪ್ರಭುತ್ವದ ಶಾಸನಕ್ಕೆ ಆ ಭಾಗ್ಯವಿಲ್ಲ. ಅದನ್ನು ವರ್ಷ ವರ್ಷವೂ ಯಾರಾದರೂ ಓದಬೇಕು, ಸಮರ್ಥಿಸಬೇಕು, ಕಾಲಕ್ಕೆ ತಕ್ಕಂತೆ ತಿದ್ದಬೇಕು. ಆದುದರಿಂದ ಒಳ್ಳೆಯ ಶಾಸನಕರ್ತನ ಕೌಶಲವು, ತಾನು ಹೋದ ಮೇಲೆ ಬರುವವರಿಗೆ ಅರ್ಥವಾಗುವಂತೆಯೂ ಅವರಿಂದ ನಡೆಯುವಂತೆಯೂ ಬರೆಯುವುದರಲ್ಲಿದೆ. ಮುಂದಿನ ತರಗತಿಯ ಉಪಾಧ್ಯಾಯನು ಯಾರೆಂದು ತಿಳಿಯದೆಯೇ ಮಗುವಿಗೆ ಅಕ್ಷರವನ್ನು ತಿದ್ದಿಸುವವರು ಈ ಕೌಶಲವನ್ನು ದಿನವೂ ಅಭ್ಯಾಸ ಮಾಡುವರು. ಪ್ಯಾವ್ಲಿಯವರು ಬರೆದ ಮಸೂದೆಗಳಲ್ಲಿ ಆ ಅಭ್ಯಾಸದ ಗುರುತನ್ನು ಕಾಣಬಹುದು. 2030ರ ಗುರಿಯನ್ನು ಮುಟ್ಟುವ ಭಾರವು ಈಗ ಅವರ ಮೇಲಿಲ್ಲ; ಆ ಸಂಸ್ಥಾನದಲ್ಲಿ ಗಾಡಿ ಓಡಿಸುವವರ ಮೇಲೂ ಅವರು ಆರಿಸಿ ಕಳುಹಿಸುವವರ ಮೇಲೂ ಇದೆ.